ನಲವತ್ತೆರಡು ಬಾಳೆಹಣ್ಣು

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ಇರುತ್ತದೆ, ನನಗಿರುವುದು ಉತ್ಸಾಹ. ಇದಕ್ಕೆ ಮದ್ದಿಲ್ಲ. ವರ್ಗಾವಣೆಯ ಆದೇಶ ಬಂದಾಗ ಸೇನೆಯವರ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ನಿಟ್ಟುಸಿರು ಕೇಳಿಸುತ್ತದೆ. ಮತ್ತೆ ಗಂಟುಮೂಟೆ, ಮತ್ತೆ ಗ್ಯಾಸ್ ಸಿಲಿಂಡರಿನ ಓಡಾಟ, ಮತ್ತೆ ಮಕ್ಕಳಿಗೆ ಹೊಸ ಜಾಗ. ನಮ್ಮ ಮನೆಯಲ್ಲಿ ಮಾತ್ರ ಆದೇಶ ಬಂದ ಐದನೇ ನಿಮಿಷಕ್ಕೆ ನಾನು ಅಟ್ಟದಿಂದ ಕಪ್ಪು ಟ್ರಂಕುಗಳನ್ನು ಇಳಿಸಿ, ಅವುಗಳ ಮೇಲಿನ ಹಳೆಯ ಊರಿನ ಹೆಸರಿಗೆ ಬಣ್ಣ ಬಳಿಯತೊಡಗಿರುತ್ತೇನೆ. ‘ದಿಲ್ಲಿ’ ಎಂದು ಬಿಳಿ ಅಕ್ಷರದಲ್ಲಿ ಬರೆದ ದಿನ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಬರೆದ ಬಣ್ಣ ಒಣಗುವ ಮುಂಚೆ ಅದರ ಮೇಲೆ ಕುಳಿತದ್ದರಿಂದ, ನನ್ನ ಪ್ಯಾಂಟಿನ ಹಿಂಬದಿಯಲ್ಲೂ ಸುಮಾರು ಒಂದು ವಾರ ‘ದಿಲ್ಲಿ’ ಇತ್ತು.

ಇಷ್ಟು ಹೇಳಿದ ಮೇಲೆ ನೀವು ನನ್ನನ್ನು ಸೈನಿಕ ಎಂದುಕೊಂಡಿದ್ದರೆ ಅದು ನಿಮ್ಮ ದೊಡ್ಡಗುಣ. ಮನೆಯಲ್ಲಿ ಸೈನಿಕರು ಒಬ್ಬರೇ; ಅವರು ನನ್ನ ಹೆಂಡತಿ, ಮೇಜರ್ ವಸುಧಾ. ನಾನು ಪ್ರೂಫ್ ನೋಡುವವನು. ಕುಕ್ಕರು, ಮಿಕ್ಸಿ, ಕೆಮ್ಮಿನ ಔಷಧಿಗಳ ಡಬ್ಬಿಯೊಳಗೆ ಹತ್ತು ಭಾಷೆಗಳಲ್ಲಿ ಅಚ್ಚಾದ ಒಂದು ಮಡಚಿದ ಕಾಗದ ಇರುತ್ತದಲ್ಲ, ಯಾರೂ ಓದದೆ ಎಸೆಯುವುದು, ಅದರ ಕನ್ನಡದ ಮೂಲೆ ನನ್ನದು. ‘ಮುಚ್ಚಳ ತೆಗೆಯುವ ಮುನ್ನ ಆವಿ ಹೋಗಲು ಬಿಡಿ’ ಎಂಬುದು ‘ಹಾವು ಹೋಗಲು ಬಿಡಿ’ ಎಂದು ಅಚ್ಚಾಗುವುದನ್ನು ಕೊನೆಯ ಗಳಿಗೆಯಲ್ಲಿ ತಡೆದು, ಕನ್ನಡನಾಡಿನ ಅಡುಗೆಮನೆಗಳನ್ನು ಗಾಬರಿಯಿಂದ ಕಾಪಾಡಿದವನು ನಾನು. ಹೆಂಡತಿ ಎಲ್ಲಿಗೆ ಹೋದರೂ ಈ ಕೆಲಸ ನನ್ನ ಜೊತೆ ಬರುತ್ತದೆ. ದಿಲ್ಲಿಗೆ ಬಂದ ಮೇಲೆ ಓಖ್ಲಾದ ಮುದ್ರಣಾಲಯಕ್ಕೇ ದಿನಾ ಹೋಗಿ ಕೂರುವ ಯೋಗ ಬಂತು. ಸ್ವಂತ ಕುರ್ಚಿ, ಸ್ವಂತ ಕೆಂಪು ಪೆನ್ನು! ಮೊದಲ ದಿನ ಆ ಕುರ್ಚಿಯ ಫೋಟೋ ತೆಗೆದು ಊರಿನಲ್ಲಿರುವ ಅಮ್ಮನಿಗೂ ಕಳಿಸಿದೆ.

ಇನ್ನು ಮನೆಯ ಮೂರನೆಯ ಸದಸ್ಯೆ ಮಿಂಚು, ನಮ್ಮ ಮಗಳು. ವಯಸ್ಸು ಮೂರೂವರೆ, ಕಂಡ ಊರು ಮೂರು. ಅಸ್ಸಾಮಿನಲ್ಲಿ ಮಾತು ಕಲಿಯಲು ಶುರುಮಾಡಿ, ರಾಜಸ್ಥಾನದಲ್ಲಿ ಮುಂದುವರಿಸಿ, ಈಗ ದಿಲ್ಲಿಗೆ ಬಂದಿದ್ದಳು. ಇದರ ಫಲವಾಗಿ ಆಕೆ ನಾಲ್ಕು ಭಾಷೆಗಳಲ್ಲಿ ‘ಬೇಡ’ ಎನ್ನಬಲ್ಲಳು. ಮನೆಯವರಿಗೆ ಬೇಡ, ಪಕ್ಕದ ಮನೆಯವರಿಗೆ ನಹೀಂ, ತೀರಾ ಬೇಡವಾದದ್ದಕ್ಕೆ ಅಸ್ಸಾಮಿನ ನಾಲಾಗೆ, ಬದನೆಕಾಯಿಗೆ ಮಾತ್ರ ರಾಜಸ್ಥಾನದ ಕೋನಿ. ಬೇಕು ಎನ್ನುವುದಕ್ಕೆ ಯಾವ ಭಾಷೆಯನ್ನೂ ಬಳಸುವುದಿಲ್ಲ, ನೇರ ಕೈಹಾಕಿ ತೆಗೆದುಕೊಳ್ಳುತ್ತಾಳೆ.

ದಿಲ್ಲಿಗೆ ಬಂದ ಮೂರು ವಾರಕ್ಕೆ ವಸುಧಾ ಮಧ್ಯಪ್ರದೇಶಕ್ಕೆ ಆರು ವಾರದ ಕೋರ್ಸಿಗೆ ಹೋಗಬೇಕಿತ್ತು. ಇದೇ ಕೋರ್ಸನ್ನು ಆಕೆ ಮಿಂಚು ಹುಟ್ಟಿದಾಗ ಒಮ್ಮೆ ಬಿಟ್ಟಿದ್ದಳು. ಮುಂದಿನ ಬಡ್ತಿಗೆ ಅದು ಬೇಕೇ ಬೇಕು. ಟ್ರಂಕುಗಳ ನಡುವೆ ನೆಲದ ಮೇಲೆ ಕುಳಿತು ಚಹಾ ಕುಡಿಯುತ್ತಾ ಆಕೆ ಹೇಳಿದಳು: “ರೀ, ಈ ಮೂರು ವಾರದಲ್ಲಿ ಮಿಂಚು ಹೊಸ ಕ್ರೆಶ್‌ಗೆ ಒಗ್ಗಿಕೊಂಡ್ರೆ ಹೋಗ್ತೀನಿ. ಇಲ್ಲಾಂದ್ರೆ ಈ ಸಲಾನೂ ಬಿಟ್ಟುಬಿಡ್ತೀನಿ. ಅಳೋ ಮಗೂನ ಬಿಟ್ಟು ಹೋಗಿ ಅಲ್ಲಿ ನಾನೇನು ಕಲೀತೀನಿ?” ಗುಂಡಿನ ಸದ್ದಿಗೆ ರೆಪ್ಪೆ ಅಲುಗಿಸದ ಹೆಂಗಸು ಇಷ್ಟು ಹೇಳುವಾಗ ಲೋಟದೊಳಗೇ ನೋಡುತ್ತಿದ್ದಳು. ಅದನ್ನು ಕಂಡು ನನ್ನ ಉತ್ಸಾಹ ಉಕ್ಕಿತು. “ಮೂರು ವಾರ ಯಾಕೆ? ಮೂರು ದಿನ ಸಾಕು. ನನಗೆ ಬಿಡು!” ಎಂದೆ. ನನಗೆ ಬಿಟ್ಟ ಕೆಲಸಗಳ ಗತಿ ಮೇಜರಿಗೆ ಗೊತ್ತಿತ್ತು.

ನಾನು ಅಖಾಡಕ್ಕಿಳಿದೆ. ಸರೋಜಿನಿ ನಗರಕ್ಕೆ ಹೋಗಿ ಆನೆಯ ಚಿತ್ರದ ಚೀಲ ತಂದೆ. ಚೌಕಾಸಿ ಮಾಡುವ ಖುಷಿಯಲ್ಲಿ ಎರಡು ತಂದುಬಿಟ್ಟೆ. ಮನೆಯಲ್ಲಿ ಕ್ರೆಶ್‌ನ ತಾಲೀಮು ನಡೆಸಿದೆ. ಅದರಲ್ಲಿ ಮಿಂಚು ಟೀಚರು, ನಾನು ಅಳುವ ಮಗು. ನನ್ನ ಅಭಿನಯ ಎಷ್ಟು ಸೊಗಸಾಗಿತ್ತೆಂದರೆ ಕೆಳಗಿನ ಮನೆಯ ಕರ್ನಲ್ಲರ ಹೆಂಡತಿ ಮೇಲೆ ಬಂದು, ಯಾರಿಗಾದರೂ ಏನಾದರೂ ಆಯಿತೇ ಎಂದು ವಿಚಾರಿಸಿದರು. ಕ್ರೆಶ್‌ನ ಅರ್ಜಿಯನ್ನೂ ಹುರುಪಿನಿಂದ ತುಂಬಿದೆ. ಅದರಲ್ಲಿ ‘ತಂದೆಯ ರ್‍ಯಾಂಕ್’ ಎಂದೊಂದು ಕಲಮು, ‘ತಾಯಿ ಗೃಹಿಣಿಯೇ?’ ಎಂದು ಇನ್ನೊಂದು. ಮೊದಲನೆಯದಕ್ಕೆ ‘ಇಲ್ಲ’ ಎಂದೂ ಎರಡನೆಯದಕ್ಕೆ ‘ತಾಯಿ ಅಲ್ಲ, ನಾನು, ಅರ್ಧ ದಿನ’ ಎಂದೂ ಬರೆದೆ. ಅರ್ಜಿ ತೆಗೆದುಕೊಂಡವರು ಎರಡು ಸಲ ಓದಿ, ನನ್ನ ಮುಖ ನೋಡಿ, ಮೊಹರು ಒತ್ತಿದರು.

ಕ್ರೆಶ್ ನಮ್ಮ ಕ್ವಾರ್ಟರ್ಸಿನಿಂದ ಎರಡು ಗೇಟು ಆಚೆ, ಬೇವಿನ ಮರದ ಕೆಳಗೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಬಿಮ್ಲಾ ದೀದಿ, ಹರಿಯಾಣದವರು. ದನಿ ಎತ್ತಿದರೆ ಮರದ ಗಿಳಿಗಳು ಹಾರಬೇಕು. ಮಗುವನ್ನು ಎತ್ತಿದರೆ ಮಗು ಮಲಗಬೇಕು. ಮೊದಲ ದಿನ ಮಿಂಚು ಅಳಲಿಲ್ಲ! ಸುತ್ತ ನಾಲ್ಕು ಮಕ್ಕಳು ಆಕಾಶ ಭೂಮಿ ಒಂದು ಮಾಡುತ್ತಿದ್ದರೂ ನನ್ನ ಮಗಳು ಆನೆಚೀಲ ಬೆನ್ನಿಗೇರಿಸಿ ಶಾಂತವಾಗಿ ನಿಂತಿದ್ದಳು. ನಾನು ಹೆಮ್ಮೆಯಿಂದ ಕೈಬೀಸಿ, “ಬರ್ತೀನಿ ಪುಟ್ಟಾ!” ಎಂದೆ. ಆಕೆ ತಲೆಯಾಡಿಸಿದಳು. ಮೆಟ್ರೋ ಹತ್ತಿದವನೇ ವಸುಧಾಗೆ ಸಂದೇಶ ಕಳಿಸಿದೆ: ‘ಕೋಟೆ ವಶವಾಯಿತು. ಬಟ್ಟೆ ಜೋಡಿಸಿಕೋ.’

ಹನ್ನೊಂದು ಗಂಟೆಗೆ ಬಿಮ್ಲಾ ದೀದಿಯ ಫೋನು. “ಭಾಯಿಸಾಬ್, ನಿಮ್ಮ ಮಗಳು ಡ್ಯೂಟಿ ಪೆ ಖಡೀ ಹೈ.” ಕಿಟಕಿಯ ಸರಳು ಹಿಡಿದು, ಚೀಲ ಇಳಿಸದೆ, ಬೂಟು ಬಿಚ್ಚದೆ, ನಾನು ಬಿಟ್ಟ ಗಳಿಗೆಯಿಂದ ಗೇಟನ್ನೇ ನೋಡುತ್ತ ನಿಂತಿದ್ದಾಳಂತೆ. ಅಳು ಇಲ್ಲ, ಆಟ ಇಲ್ಲ, ಊಟ ಇಲ್ಲ. ಸಂಜೆ ನಾಲ್ಕಕ್ಕೆ ನಾನು ಹೋದಾಗಲೂ ಅದೇ ಭಂಗಿ. ಕೆನ್ನೆಯ ಮೇಲೆ ಸರಳಿನ ಗೆರೆ ಮೂಡಿತ್ತು. ನನ್ನನ್ನು ಕಂಡು ಓಡಿ ಬರಲಿಲ್ಲ. ಒಂದು ಸಲ ನೋಡಿ, ಬಹಳ ಬೇಸರದಿಂದ, “ಅಪ್ಪಾ, ಇತ್ನಾ ಲೇಟ್?” ಎಂದಳು.

ಎರಡನೆಯ ದಿನ, ಮೂರನೆಯ ದಿನ, ಐದನೆಯ ದಿನವೂ ಇದೇ. ಗೇಟಿನ ಕಾವಲುಗಾರ ಜವಾನ ಮೆಚ್ಚಿಕೊಂಡು, “ಸಾಬ್, ನನ್ನ ಡ್ಯೂಟಿ ಬದಲಾಗುತ್ತೆ, ಬೇಬಿದು ಬದಲಾಗಲ್ಲ,” ಎಂದು ಹಿಂದಿಯಲ್ಲಿ ಹೇಳಿದ. ನನಗೆ ನಗು ಬರಲಿಲ್ಲ. ಓಖ್ಲಾದಲ್ಲಿ ಕುಳಿತರೆ ಕೆಮ್ಮಿನ ಔಷಧಿಯ ಅಕ್ಷರಗಳ ನಡುವೆ ಆ ಕಿಟಕಿ ಕಾಣಿಸುತ್ತಿತ್ತು. ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಹೇಳದೆ ಕೇಳದೆ ಜಾರಿಕೊಳ್ಳಿ ಎಂದರು ಕರ್ನಲ್ಲರ ಹೆಂಡತಿ. ಜಾರಿಕೊಂಡೆ. ಮರುದಿನ ಬೆಳಿಗ್ಗೆ ಮಿಂಚು ತನ್ನ ಚೀಲದ ಪಟ್ಟಿಯನ್ನು ನನ್ನ ಬೆಲ್ಟಿಗೆ ಗಂಟು ಹಾಕಿಕೊಂಡೇ ಮನೆಯಿಂದ ಹೊರಟಳು. ನಾವಿಬ್ಬರೂ ಹಾಗೆ ಆನೆಯೂ ಮಾವುತನೂ ಹೋದಂತೆ ಎರಡು ಗೇಟು ದಾಟಿದೆವು. ವಸುಧಾ ಬಟ್ಟೆ ಜೋಡಿಸುವುದನ್ನು ನಿಲ್ಲಿಸಿದಳು. ಅರ್ಧ ತುಂಬಿದ ಟ್ರಂಕು ಕೋಣೆಯ ನಡುವೆ ಬಾಯಿ ತೆರೆದುಕೊಂಡು ಕೂತಿತ್ತು.

ಎರಡನೆಯ ವಾರದ ಒಂದು ಸಂಜೆ ಬಿಮ್ಲಾ ದೀದಿ ನನ್ನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿದರು. “ಭಾಯಿಸಾಬ್, ಒಂದು ಮಾತು ಹೇಳಿ. ನಿಮ್ಮ ಗುಡಿಯಾ ಇಡೀ ದಿನ ಒಂದೇ ಶಬ್ದ ಹೇಳುತ್ತಾಳೆ: ಬರ್ತೀನಿ, ಬರ್ತೀನಿ. ಯೇ ಬರ್ತೀನಿ ಕ್ಯಾ ಹೈ?”

“ಅದಾ? ಅದು ನಮ್ಮಲ್ಲಿ ಟಾಟಾ ಹೇಳೋ ಮಾತು, ದೀದಿ.”

“ಅಚ್ಛಾ. ಆದರೆ ಅರ್ಥ ಏನು?”

“ಅರ್ಥ...” ಎಂದೆ. “ಅರ್ಥ, ಆತಾ ಹೂಂ.”

ಬಿಮ್ಲಾ ದೀದಿ ನನ್ನನ್ನು ಕನಿಕರದಿಂದ ನೋಡಿದರು. “ಆತಾ ಹೂಂ ಬೋಲ್ ಕೆ ಜಾತೇ ಹೋ?” ಬರ್ತೀನಿ ಅಂತ ಹೇಳಿ ಹೋಗುತ್ತೀರಾ? ಆಮೇಲೆ ಗಿಳಿಗಳು ಹಾರುವಂತೆ ನಕ್ಕರು.

ನೋಡಿ, ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಹಾವಿಗೂ ಆವಿಗೂ ವ್ಯತ್ಯಾಸ ಹಿಡಿಯುವ ಕಣ್ಣಿಗೆ ಹೋಗುವುದಕ್ಕೂ ಬರುವುದಕ್ಕೂ ಇರುವ ವ್ಯತ್ಯಾಸ ಮೂರೂವರೆ ವರ್ಷ ಕಾಣಿಸಿರಲಿಲ್ಲ. ನಮಗೇನೋ ಇದು ಹಾಲು ಕುಡಿದಷ್ಟು ಸಹಜ. ಹೋಗುತ್ತೇನೆ ಎನ್ನಬಾರದು, ಅಶುಭ, ಬರ್ತೀನಿ ಎನ್ನಬೇಕು. ಮನೆಯಲ್ಲಿ ಅಕ್ಕಿ ಇಲ್ಲ ಎನ್ನಬಾರದು, ತುಂಬಿದೆ ಎನ್ನಬೇಕು. ನಮ್ಮಮ್ಮ “ಅಕ್ಕಿ ತುಂಬಿದೆ ನೋಡಿ” ಎಂದರೆ ಅಪ್ಪ ಮರುಮಾತಿಲ್ಲದೆ ಚೀಲ ಹಿಡಿದು ಅಂಗಡಿಗೆ ಹೊರಡುತ್ತಿದ್ದರು. ಕನ್ನಡದ ಮನೆಯಲ್ಲಿ, ಕನ್ನಡದ ಬೀದಿಯಲ್ಲಿ ಬೆಳೆದ ಮಗುವಿಗೆ ಈ ತಲೆಕೆಳಗಿನ ಶಾಸ್ತ್ರ ತಾನಾಗಿ ತಿಳಿಯುತ್ತದೆ. ಆದರೆ ಮಿಂಚುವಿನ ಪಾಲಿಗೆ ಇಡೀ ಬೀದಿಯ ಕನ್ನಡ ಎಂದರೆ ನಾವಿಬ್ಬರೇ. ಆಕೆ ಪದವನ್ನು ಪದವಾಗಿಯೇ ನಂಬಿದ್ದಳು. ಅಪ್ಪ ಬರುತ್ತೇನೆ ಎಂದಿದ್ದಾನೆ. ಎಂದ ಮೇಲೆ ಬರುತ್ತಿದ್ದಾನೆ. ಬರುವವನಿಗಾಗಿ ಚೀಲ ಹಾಕಿ ನಿಂತಿರಬೇಕು. ಊಟಕ್ಕೆ ಕೂತರೆ ಅಷ್ಟರಲ್ಲಿ ಬಂದುಬಿಟ್ಟರೆ?

ಇನ್ನೊಂದು ನೆನಪೂ ಆಗ ಬಂತು. ರಾಜಸ್ಥಾನದಲ್ಲಿದ್ದಾಗ ವಸುಧಾ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು “ಬರ್ತೀನಿ ಕಂದಾ” ಎಂದು ಗಡಿಯ ಕಡೆ ಹೋದವಳು ಬಂದದ್ದು ಎರಡು ತಿಂಗಳ ಮೇಲೆ. ಆ ದಿನ ಮಿಂಚು ಮಧ್ಯಾಹ್ನದವರೆಗೆ ಹೊಸ್ತಿಲಲ್ಲೇ ಕೂತಿದ್ದಳು. ಬಿಸಿಲು ಕಾಯುತ್ತಿದ್ದಾಳೆ ಎಂದು ನಾನು ಫೋಟೋ ತೆಗೆದಿದ್ದೆ! ಕಟ್ಟೆಯ ಮೇಲೆ ಕುಳಿತು ಆ ಫೋಟೋ ತೆಗೆದು ನೋಡಿದೆ. ಕಾಲಲ್ಲಿ ಬೂಟುಗಳಿದ್ದವು. ನನಗೆ ಅಳು ಬಂತು, ಇದರಲ್ಲಿ ಮುಚ್ಚಿಡುವುದೇನಿಲ್ಲ. ಬಿಮ್ಲಾ ದೀದಿ ಅಭ್ಯಾಸಬಲದಿಂದ ನನ್ನ ಕೈಗೂ ಒಂದು ಬಿಸ್ಕತ್ತು ಕೊಟ್ಟರು.

ಆದರೆ ರೋಗ ತಿಳಿದ ಮೇಲೆ ನನ್ನ ಉತ್ಸಾಹವನ್ನು ಹಿಡಿಯುವವರು ಯಾರು? ಮನೆಗೆ ಓಡಿ ಬಂದು ವಸುಧಾಗೆ ಹೇಳಿದೆ. ಇನ್ನು ಮೇಲೆ ಈ ಮನೆಯಲ್ಲಿ ಹೋಗುವವರು ಹೋಗ್ತೀನಿ ಎಂದೇ ಹೇಳತಕ್ಕದ್ದು, ಮತ್ತು ಯಾವಾಗ ಬರುವುದು ಎಂಬುದನ್ನೂ ಹೇಳತಕ್ಕದ್ದು. ಅದೇ ಹುಮ್ಮಸ್ಸಿನಲ್ಲಿ ಅಮ್ಮನಿಗೂ ಫೋನು ಮಾಡಿದ್ದು ನನ್ನ ತಪ್ಪು.

“ಬಿಡ್ತು ಅನ್ನೋ!” ಎಂದಳು ಅಮ್ಮ. “ಮಿಲ್ಟ್ರೀಲಿರೋ ಹುಡುಗಿ ಮನೇಲಿ ಹೋಗ್ತೀನಿ ಅಂತ ಅನ್ನಿಸ್ತೀಯೇನೋ? ನಿನ್ನ ಬುದ್ಧಿಗೆ ಏನು ಮಂಕು ಕವಿದಿದೆ?”

“ಅಮ್ಮಾ, ಮಗು ದಿನಾ ಬೂಟು ಹಾಕ್ಕೊಂಡು ಕಾಯ್ತಾ ನಿಂತಿರುತ್ತೆ, ಊಟಾನೂ ಮಾಡ್ದೆ.”

ಆ ಕಡೆ ಶಾಸ್ತ್ರ ದೊಡ್ಡದೋ ಮೊಮ್ಮಗಳ ಊಟ ದೊಡ್ಡದೋ ಎಂಬ ತೀರ್ಮಾನ ನಡೆಯುತ್ತಿತ್ತು. ಕೊನೆಗೆ ತೀರ್ಪು ಬಂತು. “ಹಾಗಿದ್ರೆ ಒಂದು ಕೆಲಸ ಮಾಡು. ಅವಳ ಮುಂದೆ ಹೋಗ್ತೀನಿ ಅನ್ನು. ಆಚೆ ಬಂದು, ಗೇಟಿಗೆ ಮೆತ್ತಗೆ ಬರ್ತೀನಿ ಅಂತ ಹೇಳು. ದೇವರಿಗೆ ಕೇಳಿಸಿದ್ರೆ ಸಾಕು.”

ಮರುದಿನ ಬೆಳಿಗ್ಗೆ ಮಿಂಚುವಿನ ಎದುರು ಮಂಡಿಯೂರಿ ಕುಳಿತು, ಹುಟ್ಟಿದಂದಿನಿಂದ ಹೇಳದ ಮಾತನ್ನು ಹೇಳಿದೆ. “ಪುಟ್ಟಾ, ಅಪ್ಪ ಈಗ ಹೋಗ್ತೀನಿ. ನೀನು ಆಟ ಆಡಿ, ಊಟ ಮಾಡಿ, ಮಲಗಿ ಎದ್ದು, ಬಾಳೆಹಣ್ಣು ತಿಂತೀಯಲ್ಲ, ಅದಾದ್ಮೇಲೆ ಬರ್ತೀನಿ.” ಕ್ರೆಶ್‌ನಲ್ಲಿ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಎಲ್ಲರಿಗೂ ಬಾಳೆಹಣ್ಣು. ಮಿಂಚು ಯೋಚಿಸಿ, “ಪಹಲೇ ಕೇಲಾ, ಫಿರ್ ಅಪ್ಪ?” ಎಂದಳು. ಹೌದು, ಮೊದಲು ಹಣ್ಣು, ಆಮೇಲೆ ಅಪ್ಪ ಎಂದೆ. ಚೀಲ ಇಳಿಸಿದಳು! ಆ ಚೀಲ ನೆಲಕ್ಕೆ ಬಿದ್ದ ಸದ್ದು ನನಗೆ ಇಪ್ಪತ್ತೊಂದು ತೋಪು ಹಾರಿಸಿದಂತೆ ಕೇಳಿಸಿತು. ಹೊರಗೆ ಬಂದು ಅಮ್ಮನ ಅಪ್ಪಣೆಯಂತೆ ಗೇಟಿನ ಕಂಬಕ್ಕೆ ಬಾಯಿಟ್ಟು ಬರ್ತೀನಿ ಎಂದು ಪಿಸುಗುಟ್ಟಿದೆ. ತಿರುಗಿದರೆ ಕಾವಲಿನ ಜವಾನ ನಿಂತಿದ್ದ. “ಸಾಬ್, ತಬೀಯತ್ ಠೀಕ್ ಹೈ?” ಎಂದು ನನ್ನ ಆರೋಗ್ಯ ವಿಚಾರಿಸಿದ.

ಓಖ್ಲಾ ತಲುಪುವ ಮೊದಲೇ ಫೋನು ಬಂತು. ಪಕ್ಕದ ಹುಡುಗಿಯ ಡಬ್ಬಿಯಲ್ಲಿ ಬಾಳೆಹಣ್ಣು ಇತ್ತಂತೆ. ಒಂಬತ್ತೂವರೆಗೆ ಮಿಂಚು ಅದನ್ನು ಕಸಿದು ತಿಂದು, ಸಿಪ್ಪೆ ಕೈಯಲ್ಲಿ ಹಿಡಿದು, ಚೀಲ ಹಾಕಿ ಮತ್ತೆ ಕಿಟಕಿಯಲ್ಲಿ! ಹಣ್ಣು ಮುಗಿಯಿತು, ಅಪ್ಪ ಎಲ್ಲಿ? ಕರಾರಿನ ಪ್ರಕಾರ ಆಕೆಯದೇ ಸರಿ. ನಾನು ತಲೆಯ ಮೇಲೆ ಕೈಹೊತ್ತು ಮೆಟ್ರೋ ನಿಲ್ದಾಣದ ಬೆಂಚಿನಲ್ಲಿ ಕುಳಿತೆ. ಆದರೆ ಬಿಮ್ಲಾ ದೀದಿ ಇಂಥ ನೂರು ಕರಾರುಗಳನ್ನು ಕಂಡವರು. ಮರುದಿನ ಅವರು ಗೋಡೆಯ ಮೊಳೆಗೆ ದಾರ ಕಟ್ಟಿ ಮಿಂಚುವಿನ ಬಾಳೆಹಣ್ಣನ್ನು ತೂಗುಹಾಕಿದರು. “ಇದು ನಿನ್ನ ಅಪ್ಪನ ಕೇಲಾ. ಇದು ಮೇಲಿರುವವರೆಗೂ ಆಟ. ಇದು ಕೆಳಗೆ ಬಂದಾಗ ಅಪ್ಪ. ಚಲೋ!” ಬೇರೆ ಹಣ್ಣು ಎಷ್ಟು ತಿಂದರೂ ಲೆಕ್ಕಕ್ಕಿಲ್ಲ. ಮಿಂಚು ಆ ದಿನ ಆಗಾಗ ಬಂದು ತಲೆಯೆತ್ತಿ ನೋಡಿ, ಹಣ್ಣು ಮೇಲೇ ಇರುವುದನ್ನು ಖಚಿತಪಡಿಸಿಕೊಂಡು, ಆಡಲು ಹೋದಳಂತೆ. ಊಟ ಮಾಡಿದಳಂತೆ. ಮಲಗಿದಳಂತೆ! ಸಂಜೆ ನಾನು ಹೋದಾಗ ಬಾಯಿ ತುಂಬ ಹಣ್ಣು ತುಂಬಿಕೊಂಡು ಓಡಿ ಬಂದು ನನ್ನ ಅಂಗಿಗೆ ಒರೆಸಿದಳು. ಆ ಅಂಗಿಯನ್ನು ನಾನು ಎರಡು ದಿನ ಒಗೆಯಲು ಹಾಕಲಿಲ್ಲ.

ಒಂದು ವಾರದಲ್ಲಿ ಗೋಡೆಯ ಮೇಲೆ ಹನ್ನೊಂದು ಬಾಳೆಹಣ್ಣುಗಳು ಸಾಲಾಗಿ ತೂಗುತ್ತಿದ್ದವು, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಯಾವ ಮಗುವೂ ಕಿಟಕಿಯಲ್ಲಿ ನಿಲ್ಲುತ್ತಿರಲಿಲ್ಲ. ನೋಡಲು ಬಂದ ಅಧಿಕಾರಿಯೊಬ್ಬರು ಇದೇನು ಹಬ್ಬದ ತಯಾರಿಯೇ ಎಂದು ಕೇಳಿದರಂತೆ. ಬಿಮ್ಲಾ ದೀದಿ, “ಸಾಬ್, ಇವು ಗಡಿಯಾರ,” ಎಂದರಂತೆ.

ವಸುಧಾ ಟ್ರಂಕನ್ನು ಮತ್ತೆ ತುಂಬತೊಡಗಿದಳು. ಆರು ವಾರ ಎಂದರೆ ನಲವತ್ತೆರಡು ಹಣ್ಣು. ಅಷ್ಟನ್ನು ಗೋಡೆಗೆ ಕಟ್ಟಿದರೆ ಮನೆ ಏನಾದೀತು? ನಾನು ಮುದ್ರಣಾಲಯದಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ನಲವತ್ತೆರಡು ಬಾಳೆಹಣ್ಣುಗಳ ಬರಿಯ ಗೆರೆಗಳನ್ನು ಅಚ್ಚು ಹಾಕಿಸಿಕೊಂಡು ಬಂದೆ. ನನ್ನ ಜೀವಮಾನದಲ್ಲಿ ಇಷ್ಟು ಶ್ರದ್ಧೆಯಿಂದ ಯಾವ ಪ್ರೂಫನ್ನೂ ನೋಡಿರಲಿಲ್ಲ. ಮೂರು ಸಲ ಎಣಿಸಿದೆ. ದಿನಕ್ಕೊಂದಕ್ಕೆ ಮಿಂಚು ಹಳದಿ ಬಣ್ಣ ತುಂಬಬೇಕು, ಕೊನೆಯದು ಹಳದಿಯಾದ ದಿನ ಅಮ್ಮ. ಹೊರಡುವ ಬೆಳಿಗ್ಗೆ ಜೀಪು ಬಂದು ನಿಂತಿತು. ಸಮವಸ್ತ್ರದಲ್ಲಿ ವಸುಧಾ ಬಾಗಿಲಲ್ಲಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಆ ಒಂದು ಪದ ಮೇಜರಿಗೆ ಬರಲೊಲ್ಲದು. ಮಿಂಚುವೇ ಅವಳ ತೋಳು ಜಗ್ಗಿ ಹೇಳಿಕೊಟ್ಟಳು: “ಅಮ್ಮಾ, ಹೋಗ್ತೀನಿ ಬೋಲೋ.”

“ಹೋಗ್ತೀನಿ ಕಂದಾ,” ಎಂದಳು ವಸುಧಾ. “ನಲವತ್ತೆರಡು ಬಾಳೆಹಣ್ಣು ಆದ್ಮೇಲೆ ಬರ್ತೀನಿ.” ಮಿಂಚು ಸರಿ ಎಂದು ತಲೆಯಾಡಿಸಿ, ಜೀಪು ತಿರುವು ದಾಟುವ ಮೊದಲೇ ಕ್ರೆಶ್‌ಗೆ ಹೊತ್ತಾಯಿತೆಂದು ನನ್ನನ್ನು ಎಳೆದಳು. ಗೇಟಿನ ಹತ್ತಿರ ನಿಂತು ತಿರುವನ್ನೇ ನೋಡುತ್ತಿದ್ದವನು ನಾನು. ನಮ್ಮಮ್ಮನ ಶಾಸ್ತ್ರವನ್ನು ಕಂಬಕ್ಕೆ ಹೇಳಿ ಮುಗಿಸುವಷ್ಟರಲ್ಲಿ ಮಗಳು ಮುಂದೆ ಹೋಗಿ ಆಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಆರನೆಯ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಗೋಡೆಯ ಹಾಳೆಯನ್ನು ನೋಡಿದೆ. ಐದು ಹಳದಿ, ಮೂವತ್ತೇಳು ಖಾಲಿ. ಮೂವತ್ತೇಳು! ಎರಡು ಲೋಟ ಇಡುವ ಜಾಗದಲ್ಲಿ ಒಂದೇ ಲೋಟ. ಹಳದಿ ಕ್ರೇಯಾನ್ ಅಲ್ಲೇ ಬಿದ್ದಿತ್ತು. ಯಾರೂ ನೋಡುತ್ತಿರಲಿಲ್ಲ. ಸುಮ್ಮನೆ ಒಂದು ತುಂಬಿದೆ. ಒಂದಿದ್ದರೆ ಒಂಟಿ ಎನಿಸಿ ಇನ್ನೆರಡು ತುಂಬಿದೆ. ಸ್ವಲ್ಪ ಸಮಾಧಾನವೆನಿಸಿತು.

ಮಿಂಚು ಎದ್ದು ಬಂದವಳು ಹಾಳೆಯ ಎದುರು ನಿಂತಳು. ಆಕೆಗೆ ಐದರ ಆಚೆ ಎಣಿಸಲು ಬರುವುದಿಲ್ಲ ಎಂಬ ಧೈರ್ಯ ನನಗಿತ್ತು. ಆಕೆ ಎಣಿಸಲೇ ಇಲ್ಲ. ಬೆರಳಿಟ್ಟು ತೋರಿಸಿ, “ಅಪ್ಪಾ, ಯೇ ಮೈಂನೇ ನಹೀಂ ಕಿಯಾ. ಇದು ಗೆರೆ ಒಳಗೇ ಇದೆ,” ಎಂದಳು. ನಿಜ, ಅವನ್ನು ಆಕೆ ಮಾಡಿರಲಿಲ್ಲ. ಆಕೆಯ ಹಣ್ಣುಗಳ ಬಣ್ಣ ಹಾಳೆಯೆಲ್ಲ ಹರಡಿತ್ತು, ನನ್ನ ಮೂರು ಮಾತ್ರ ಒಂದು ಚುಕ್ಕೆಯೂ ಆಚೀಚೆಯಾಗದೆ ಅಚ್ಚುಕಟ್ಟಾಗಿದ್ದವು. ಪ್ರೂಫ್ ನೋಡುವವನ ತಪ್ಪು ಕಡೆಗೂ ಸಿಕ್ಕಿಬಿತ್ತು.

“ಜಲ್ದಿ ಕಲರ್ ಮಾಡಿದ್ರೆ ಅಮ್ಮ ಜಲ್ದಿ ಬರಲ್ಲ, ಅಪ್ಪಾ,” ಎಂದು ನನ್ನ ಮೊಣಕಾಲು ತಟ್ಟಿದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಇವನನ್ನು ಏನು ಮಾಡುವುದೆಂದು ಯೋಚಿಸಿ, ಒಳಗೆ ಹೋಗಿ ಸರೋಜಿನಿ ನಗರದ ಆ ಎರಡನೆಯ ಆನೆಚೀಲವನ್ನು ಎಳೆದುಕೊಂಡು ಬಂದು ನನ್ನ ಮುಂದಿಟ್ಟಳು. “ನೀನೂ ಬಿಮ್ಲಾ ದೀದಿ ಹತ್ರ ಬಾ. ಉಧರ್ ಸಬ್ ಠೀಕ್ ಆಗುತ್ತೆ.”

ಅಭ್ಯಾಸದಂತೆ, “ಬರ್ತೀನಿ ಪುಟ್ಟಾ,” ಎಂದೆ.

ಮಗಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಯಾವಾಗ?”